ಲಿನಕ್ಸ್ ಗಣಕಯಂತ್ರಕ್ಕೆ ಬೀಗ: ಯಾವ ತಂತ್ರಾಂಶ ಯೋಗ್ಯ?



ಕೂಲಿ ಪಟ್ಟಿ, ಕಾರ್ಮಿಕರ ಆಧಾರ್ ಸಂಖ್ಯೆ, ಸಾಲದ ಪತ್ರ, ಕಾಫಿ–ಅಡಿಕೆ ಮಾರಾಟದ ಲೆಕ್ಕ ಇವೆಲ್ಲ ಈಗ ಅನೇಕ ತೋಟಗಳಲ್ಲಿ ಕಬ್ಬಿಣದ ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಬಂದಿವೆ. ಅದು ಕಳುವಾದರೆ ಯಂತ್ರದ ಬೆಲೆಯಷ್ಟೇ ನಷ್ಟವಲ್ಲ. ಲಾಗಿನ್ ಪಾಸ್‌ವರ್ಡ್ ಇದೆಯೆಂದು ನಿಶ್ಚಿಂತರಾಗಿರುವಂತಿಲ್ಲ. ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಎಲ್ಲವನ್ನೂ ಓದಬಹುದು. ಇಡೀ ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವುದೇ ಇದಕ್ಕೆ ಪರಿಹಾರ.

ಲಿನಕ್ಸ್ ಬಳಸುವವರಿಗೆ ಮೂರು ಹೆಸರುಗಳು ಕೇಳಿಬರುತ್ತವೆ.

೧. ಲಕ್ಸ್: ಇದು ೨೦೦೪ರಿಂದ ಲಿನಕ್ಸಿನ ತಿರುಳಿನಲ್ಲಿಯೇ ಇರುವ ಡಿಎಂ–ಕ್ರಿಪ್ಟ್ ವ್ಯವಸ್ಥೆಯನ್ನು ಆಧರಿಸಿದೆ. ಉಬುಂಟು, ಡೆಬಿಯನ್, ಫೆಡೋರಾಗಳನ್ನು ಸ್ಥಾಪಿಸುವಾಗಲೇ ಇದನ್ನು ಆರಿಸಿಕೊಳ್ಳಬಹುದು. ಬೇರೆ ಖರ್ಚಿಲ್ಲ.

೨. ವೆರಾಕ್ರಿಪ್ಟ್: ಲಿನಕ್ಸ್ ಇರುವ ಡಿಸ್ಕನ್ನೇ ಬೀಗ ಹಾಕಲು ಇದು ಬರುವುದಿಲ್ಲ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಬಳಸುವ ಪೆನ್‌ಡ್ರೈವಿಗೆ ಉತ್ತಮ. ಇದರ ಹಿಂದಿನ ಟ್ರೂಕ್ರಿಪ್ಟ್ ೨೦೧೪ರಲ್ಲಿಯೇ ನಿಂತುಹೋಗಿದೆ, ಅದನ್ನು ಬಳಸಬಾರದು.

೩. ಇ–ಕ್ರಿಪ್ಟ್ ಎಫ್‌ಎಸ್: ಬಳಕೆದಾರನ ಕಡತಗಳಿಗೆ ಮಾತ್ರ ರಕ್ಷಣೆ. ಉಬುಂಟು ತನ್ನ ಸ್ಥಾಪನಾ ಕ್ರಮದಿಂದ ೨೦೧೮ರಲ್ಲಿ ಇದನ್ನು ಕೈಬಿಟ್ಟಿತು.

ಆದ್ದರಿಂದ ಹೊಸದಾಗಿ ಲಿನಕ್ಸ್ ಹಾಕಿಸುವವರು ಲಕ್ಸ್ ಆರಿಸಿಕೊಳ್ಳುವುದು ಯುಕ್ತ. ಆದರೆ ಈ ಎಚ್ಚರಿಕೆಗಳನ್ನು ಮರೆಯಬಾರದು:

ಸ್ಥಾಪನೆಯಲ್ಲಿ ಡಿಸ್ಕ್ ಅಳಿಸಿಹೋಗುತ್ತದೆ. ಮೊದಲು ಎಲ್ಲ ಲೆಕ್ಕಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ.

ಗುಪ್ತಪದ ಮರೆತರೆ ಅಂಗಡಿಯವನಾಗಲಿ, ತಯಾರಕನಾಗಲಿ ಬೀಗ ತೆರೆಯಲಾರ. ಲಕ್ಸ್‌ನ ಎರಡನೆಯ ಆವೃತ್ತಿಯಲ್ಲಿ ೩೨ ಕೀಲಿಗಳವರೆಗೆ ಇಡಬಹುದು. ಎರಡನೆಯ ಕೀಲಿಯೊಂದನ್ನು ಮಾಡಿ, ಚೀಟಿಯಲ್ಲಿ ಬರೆದು ಬ್ಯಾಂಕಿನ ಲಾಕರಿನಲ್ಲಿಡಿ. ಯಜಮಾನನಿಗೆ ಏನಾದರೂ ಆದರೆ ಮನೆಯವರಿಗೆ ಲೆಕ್ಕ ಸಿಗಬೇಕಲ್ಲವೇ?

ಗುಪ್ತಪದ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಯಂತ್ರ ಏಳುವ ವೇಳೆಗೆ ಕನ್ನಡ ಕೀಲಿಮಣೆ ಸಿದ್ಧವಿರದೆ ಇರಬಹುದು. ನಾಲ್ಕಾರು ಸಂಬಂಧವಿಲ್ಲದ ಪದಗಳನ್ನು ಸೇರಿಸಿದರೆ ಊಹಿಸುವುದು ಕಷ್ಟ.

ಡಿಸ್ಕಿನ ಆರಂಭದಲ್ಲಿರುವ ‘ಹೆಡರ್’ ಭಾಗ ಕೆಟ್ಟರೆ ಸರಿಯಾದ ಗುಪ್ತಪದವೂ ನಿಷ್ಪ್ರಯೋಜಕ. ತಿಳಿದವರಿಂದ ಅದರ ಪ್ರತಿಯನ್ನೂ ತೆಗೆಸಿಡಿ.

ಯಂತ್ರ ಪೂರ್ತಿ ಆರಿದ್ದಾಗ ಮಾತ್ರ ಈ ಬೀಗ ಬಿದ್ದಿರುತ್ತದೆ. ಪ್ರಯಾಣಕ್ಕೆ ಮುಂಚೆ ಮುಚ್ಚಳ ಮುಚ್ಚಿದರೆ ಸಾಲದು, ಯಂತ್ರವನ್ನು ಆರಿಸಬೇಕು. ವೈರಸ್ಸಿಗೂ ಮೋಸದ ಸಂದೇಶಕ್ಕೂ ಇದು ಮದ್ದಲ್ಲ.

ಕಣದಲ್ಲಿ ಒಣಗಿದ ಬೆಳೆಯನ್ನು ಉಗ್ರಾಣಕ್ಕೆ ಸೇರಿಸಿ ಬೀಗ ಹಾಕುವ ನಾವು, ಅದರ ಲೆಕ್ಕಕ್ಕೂ ಅಷ್ಟೇ ಕಾಳಜಿ ತೋರುವುದು ಒಳ್ಳೆಯದು.