ದೂಧಸಾಗರವನ್ನು ಬುಡದಿಂದ ನೋಡಿ

ಹುಬ್ಬಳ್ಳಿ ಕಡೆಯಿಂದ ಗೋವಾಕ್ಕೆ ಹೋಗುವ ರೈಲು ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯತೊಡಗಿದರೆ ಮಲಗಿದ್ದವರೂ ಎದ್ದು ಕೂರುತ್ತಾರೆ. ಸುರಂಗಗಳು ಒಂದರ ಹಿಂದೊಂದು ಕಳೆಯುತ್ತವೆ. ಆಮೇಲೆ ಒಂದು ತಿರುವಿನಲ್ಲಿ, ಬೆಟ್ಟದ ನೆತ್ತಿಯಿಂದ ಸುರಿಯುವ ಬಿಳಿ ನೀರು. ಮೊಬೈಲು ತೆಗೆಯುವಷ್ಟರಲ್ಲಿ ನೋಟ ಮುಗಿದಿರುತ್ತದೆ. ನಮ್ಮಲ್ಲಿ ಅನೇಕರು ದೂಧಸಾಗರವನ್ನು ಕಂಡಿರುವುದು ಹೀಗೆ, ಇಲ್ಲವೇ 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಸಿನಿಮಾದಲ್ಲಿ.

ಆದರೆ 310 ಮೀಟರ್ ಎತ್ತರದ, ನಾಲ್ಕು ಹಂತಗಳ ಈ ಜಲಪಾತ ರೈಲಿನ ಕಿಟಕಿಯಲ್ಲಿ ಹಿಡಿಸುವಂಥದ್ದಲ್ಲ. ಹಳಿಯ ಸೇತುವೆ ಜಲಪಾತದ ನಡುವೆಯೇ ಹಾದುಹೋಗಿದೆ. ಅಲ್ಲಿಂದ ನೋಡಿದರೆ ಒಂದಷ್ಟು ನೀರು ಮೇಲಿರುತ್ತದೆ, ಒಂದಷ್ಟು ಕಾಲಡಿಯಲ್ಲಿರುತ್ತದೆ. ಇಡಿಯಾಗಿ ಕಾಣಬೇಕೆಂದರೆ ಗೋವಾದ ಕುಳೆಂ ಊರಿನಲ್ಲಿಳಿದು, ಭಗವಾನ್ ಮಹಾವೀರ ವನ್ಯಧಾಮದ ಕಾಡುದಾರಿ ಹಿಡಿದು ಬುಡಕ್ಕೇ ಹೋಗಬೇಕು.

ಮಳೆಗಾಲ ಕಳೆದು ಅಕ್ಟೋಬರ್ ಸುಮಾರಿಗೆ ಈ ದಾರಿ ತೆರೆಯುತ್ತದೆ. ಅರಣ್ಯ ಇಲಾಖೆಯ ತಪಾಸಣೆ ದಾಟಿದ ಜೀಪುಗಳು ಹಳ್ಳಗಳಿಗೇ ಇಳಿದು ಆಚೆ ದಡ ಹತ್ತುತ್ತವೆ. ಜೀಪು ನಿಂತ ಮೇಲಿನ ದಾರಿ ಮಾತ್ರ ಕಾಲ್ನಡಿಗೆಯದ್ದು, ನನ್ನ ಮಟ್ಟಿಗೆ ಅದೇ ಈ ಪ್ರಯಾಣದ ಸಾರ. ಬೇರುಗಳನ್ನು ಮೆಟ್ಟಿ, ಪಾಚಿಗಟ್ಟಿದ ಬಂಡೆಗಳ ನಡುವೆ ಕಾಲಿಗೆ ಜಾಗ ಹುಡುಕುತ್ತ ನಡೆಯಬೇಕು. ಕೊಂಬೆಯ ಮೇಲೆ ಕೆಂಜಳಿಲು ಕಾಣಬಹುದು. ತಿಂಡಿ ಪೊಟ್ಟಣಕ್ಕೆ ಹೊಂಚು ಹಾಕುವ ಮಂಗಗಳಂತೂ ಕಂಡೇ ಕಾಣುತ್ತವೆ. ಮರಗಳು ಜಲಪಾತವನ್ನು ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಮೊದಲು ಸದ್ದು, ಬಳಿಕ ಮುಖಕ್ಕೆ ತಾಗುವ ತುಂತುರು. ಕೊನೆಗೆ ಕೊಳದ ಅಂಚಿನ ಬಂಡೆಗೆ ಬಂದು ಕತ್ತೆತ್ತಿದರೆ, ಮೇಲೆ ಸೇತುವೆಯ ಕಮಾನುಗಳು ಆಟಿಕೆಯಷ್ಟು ಚಿಕ್ಕವಾಗಿರುತ್ತವೆ. ಎತ್ತರ ಎಷ್ಟೆಂಬುದು ಆಗಲೇ ಅರಿವಿಗೆ ಬರುವುದು. ಕಲ್ಲಿನ ಪ್ರತಿ ಹಂತಕ್ಕೂ ಬಡಿದು ಒಡೆಯುವ ನೀರು ಗಾಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹಾಲಿನ ಬಣ್ಣ ಹುಟ್ಟುವುದು ಆ ಲೆಕ್ಕವಿಲ್ಲದ ಗುಳ್ಳೆಗಳಿಂದ.

ಈ ನೀರಿನ ಜಾಡು ನಮ್ಮ ಗಡಿಗಂಟಿಕೊಂಡೇ ಇದೆ. ಉತ್ತರ ಕನ್ನಡದ ಜೊಯಿಡಾ ಸೀಮೆಯ ಕಾಡಿಗೆ ಬಿದ್ದ ಮಳೆ ಹಳ್ಳಗಳಾಗಿ ಘಟ್ಟದಂಚಿಗೆ ಬಂದು ಇಲ್ಲಿ ಧುಮುಕುತ್ತದೆ. ಕೆಳಗೆ ಹರಿದು ಖಾಂಡೇಪಾರ್ ನದಿಯಾಗುತ್ತದೆ, ಮುಂದೆ ಮಾಂಡೋವಿ, ಅಂದರೆ ನಮ್ಮ ಮಹದಾಯಿಯನ್ನು ಸೇರುತ್ತದೆ. ಪಣಜಿ, ಪೋಂಡಾಗಳಿಗೆ ನೀರು ಕೊಡುವ ಓಪಾ ಸ್ಥಾವರ ಇರುವುದು ಇದೇ ಖಾಂಡೇಪಾರ್ ದಡದಲ್ಲಿ. ಕೊಳದ ಬದಿಯಲ್ಲಿ ಎಸೆದ ಪ್ಲಾಸ್ಟಿಕ್ ಹೋಗುವುದು ಯಾರದೋ ಕುಡಿಯುವ ನೀರಿನ ಕಡೆಗೆ.

ಘಟ್ಟದ ಈ ರೈಲು ಮಾರ್ಗವನ್ನು 1880ರ ದಶಕದಲ್ಲಿ, ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಕಟ್ಟಲಾಯಿತು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಇದೇ ಕಾಡಿನ ನಡುವೆ ಇನ್ನೊಂದು ಹಳಿ ಹಾಕುವ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಈ ಕಾಡನ್ನು ಒಮ್ಮೆ ನಡೆದು ನೋಡಿದವರಿಗೆ ಆ ತೀರ್ಪಿನ ಬೆಲೆ ಗೊತ್ತಾಗುತ್ತದೆ.

ಹಳಿಯ ಮೇಲೆ ನಡೆದು ಜಲಪಾತ ತಲುಪುವುದು ಒಂದು ಕಾಲದಲ್ಲಿ ಬೆಂಗಳೂರಿನ ಚಾರಣಿಗರ ಅಚ್ಚುಮೆಚ್ಚಿನ ದಾರಿಯಾಗಿತ್ತು. 2023ರ ಜುಲೈನ ಒಂದು ಭಾನುವಾರ ಹೀಗೆ ಬಂದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲೆಡೆ ಹರಿದಾಡಿತು. ಬಸ್ಕಿಯ ಮಾತು ಬಿಡಿ. ಕತ್ತಲ ಸುರಂಗದೊಳಗೆ ಎದುರಿಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿ? ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಇಂಥ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸಿ. ರೈಲಿನಲ್ಲಿ ಹೋಗುವುದಾದರೆ ನಿಲ್ದಾಣದಲ್ಲೇ ಇಳಿಯಿರಿ, ಹಳಿಗಿಳಿಯಬೇಡಿ. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬೇಡಿ. ಹಾಗೆಯೇ ಒಯ್ದ ಬಾಟಲಿ, ಪೊಟ್ಟಣಗಳನ್ನೆಲ್ಲ ದಯವಿಟ್ಟು ವಾಪಸ್ ತನ್ನಿ.