ಡರ್ಬನ್‌ಗೆ ಹೊರಟಿದ್ದೆವು, ಯಲ್ಲಾಪುರದಲ್ಲಿ ಇಳಿದೆವು

ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನ ಹೆಸರು ಈಗಲೂ 'ಡರ್ಬನ್ ಡಿಸೆಂಬರ್' ಅಂತಲೇ ಇದೆ. ಬದಲಾಯಿಸೋಕೆ ಯಾರಿಗೂ ಮನಸ್ಸು ಬಂದಿಲ್ಲ.

ನಾವು ನಾಲ್ಕು ಜನ, ಎಲ್ಲರೂ ಹುಬ್ಬಳ್ಳಿಯವರೇ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ವಿಡಿಯೋ ನೋಡಿ ನೋಡಿ ಹುಚ್ಚು ಹಿಡಿದಿತ್ತು. ಹಿಂದೂ ಮಹಾಸಾಗರದ ಬೆಚ್ಚಗಿನ ನೀರು, ಹಿಂದೆ ಡ್ರೇಕನ್ಸ್‌ಬರ್ಗ್ ಬೆಟ್ಟಸಾಲು, ಜುಲು ಹಳ್ಳಿಗಳಲ್ಲಿ ಕಾಲನ್ನು ತಲೆಯೆತ್ತರಕ್ಕೆ ಎತ್ತಿ ನೆಲಕ್ಕೆ ಬಡಿಯುವ ಕುಣಿತ, ಹೆಂಗಸರು ಪೋಣಿಸುವ ಬಣ್ಣದ ಮಣಿಗಳ ಸರ. ಬ್ರೆಡ್ಡಿನ ಹೊಟ್ಟೆ ಬಗೆದು ಸಾರು ತುಂಬಿ ಕೊಡುವ 'ಬನ್ನಿ ಚೌ' ಡರ್ಬನ್‌ನ ನಮ್ಮವರೇ ಹುಟ್ಟಿಸಿದ ತಿಂಡಿ ಅಂತ ಗೊತ್ತಾದಾಗಂತೂ ಎಕ್ಸೆಲ್ ಶೀಟ್ ತೆರೆದೇ ಬಿಟ್ಟೆವು.

ಶೀಟ್ ಮೂರು ವಾರ ಬದುಕಿತು. ಟಿಕೆಟ್ ದರ, ವೀಸಾ, ರಜೆ, ಒಬ್ಬಳ ತಂಗಿಯ ಮದುವೆ. ಕೊನೆಗೆ ಉಳಿದದ್ದು ಎರಡು ದಿನದ ವೀಕೆಂಡ್ ಮತ್ತು ಒಂದು ಹಳೇ ಕಾರು. ಆಗ ಗ್ರೂಪಿನಲ್ಲಿ ಒಬ್ಬ ಹಾಕಿದ: "ಪಾಸ್‌ಪೋರ್ಟ್ ಬೇಡದ ಆಫ್ರಿಕಾಕ್ಕ ಹೋಗೂಣು ನಡೀರಿ. ಯಲ್ಲಾಪುರದಾಗ ಸಿದ್ದಿಗಳ ಹೋಮ್‌ಸ್ಟೇ ಅದಾವಂತ." ನಾನು ನಗುವ ಇಮೋಜಿ ಹಾಕಿದೆ. ಆ ಇಮೋಜಿ ಬಗ್ಗೆ ಆಮೇಲೆ ಹೇಳ್ತೀನಿ.

ಎಪ್ಪತ್ತು ಕಿಲೋಮೀಟರು

ಹುಬ್ಬಳ್ಳಿಯಿಂದ ಯಲ್ಲಾಪುರ ಸುಮಾರು 70 ಕಿಲೋಮೀಟರು. ಕಲಘಟಗಿ ದಾಟಿ ಕಿರವತ್ತಿ ಬರುವಷ್ಟರಲ್ಲಿ ಹೊಲ ಮುಗಿದು ಕಾಡು ಶುರುವಾಗುತ್ತದೆ, ಗಾಳಿಯೇ ಬೇರೆ ಆಗುತ್ತದೆ. ನಾವು ಹೋದದ್ದು ನವೆಂಬರ್‌ನಲ್ಲಿ. ಮುಖ್ಯ ರಸ್ತೆ ಬಿಟ್ಟು ಅಡಿಕೆ ತೋಟಗಳ ನಡುವಿನ ಮಣ್ಣಿನ ದಾರಿ ಹಿಡಿದೆವು. ಫೋನಿನ ಸಿಗ್ನಲ್ ಹೋಯಿತು. ಹಂಚಿನ ಮನೆ, ಸಗಣಿ ಸಾರಿಸಿದ ಅಂಗಳ, ಬಾಗಿಲಲ್ಲಿ ನಮಗಾಗಿ ಕಾಯುತ್ತಿದ್ದ ಅಕ್ಕ. ಸಂಘದ ಐದಾರು ಹೆಂಗಸರು ಸೇರಿ ಬಂದವರನ್ನು ಹೀಗೆ ಮನೆಯಲ್ಲಿ ಉಳಿಸಿಕೊಂಡು ಊಟ ಹಾಕುತ್ತಾರೆ.

"ಬನ್ನಿ ಬನ್ನಿ, ದಾರಿ ತಪ್ಪಲಿಲ್ಲ ಅಲ್ದಾ? ಕೈಕಾಲು ತೊಳ್ಕಳಿ, ಚಾ ಇಡ್ತೆ."

ನಾನು ತುಂಬಾ ಪ್ರೀತಿಯಿಂದಲೇ ಕೇಳಿದೆ: "ಅಕ್ಕಾ, ಎಷ್ಟ್ ಚಂದ ಕನ್ನಡ ಮಾತಾಡ್ತೀರಿ! ಎಲ್ಲಿ ಕಲಿತ್ರಿ?"

ಆಕೆ ಒಂದು ಕ್ಷಣ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ.

"ಶಾಲೆಲಿ. ನೀವ್ ಎಲ್ಲಿ ಕಲಿತ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಿವಿ ಮಾತ್ರ ಬಿಸಿಯಾಗಿತ್ತು. ಯಲ್ಲಾಪುರದಲ್ಲಿ ಹುಟ್ಟಿ, ಕನ್ನಡ ಶಾಲೆಗೆ ಹೋಗಿ, ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡುವ ಹೆಂಗಸಿಗೆ ನಾನು ಕೊಟ್ಟದ್ದು ಮೆಚ್ಚುಗೆ ಅಲ್ಲ. 'ನೀನು ಇಲ್ಲಿಯವಳಲ್ಲ' ಅನ್ನುವುದನ್ನೇ ಸಕ್ಕರೆ ಹಚ್ಚಿ ಹೇಳಿದ್ದೆ.

ಒಂದೇ ಸಮುದ್ರ, ಎರಡು ಹಡಗು

ಸಿದ್ದಿಗಳು ಜುಲುಗಳಲ್ಲ, ಇದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ನಂಟು ಸುಳ್ಳಲ್ಲ. ಜುಲು ಭಾಷೆ ಬಂಟು ಎಂಬ ದೊಡ್ಡ ಭಾಷಾ ಕುಟುಂಬಕ್ಕೆ ಸೇರಿದ್ದು. ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರು ಆಫ್ರಿಕಾದ ಪೂರ್ವ ಕರಾವಳಿಯ ಕಡೆಯ ಬಂಟು ಭಾಷಿಕರು. ವಂಶವಾಹಿ ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಪೋರ್ಚುಗೀಸರು 16ನೇ ಶತಮಾನದಿಂದ ಮೊಜಾಂಬಿಕ್ ಕಡೆಯಿಂದ ಜನರನ್ನು ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಕಡೆ ಅವರ ಊರುಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ದೇವರು ಬೇರೆಯಾದರೂ 'ಹಿರಿಯರು' ಎಲ್ಲರಿಗೂ ಬೇಕು. ಸತ್ತ ಹಿರಿಯರನ್ನು ಮನೆಯಲ್ಲಿ ತೆಂಗಿನಕಾಯಿ ಇಟ್ಟು ನೆನೆಯುವ ಪದ್ಧತಿ ಇದೆ. ಜುಲು ಮನೆಗಳಲ್ಲೂ ತೀರಿಹೋದ ಹಿರಿಯರಿಗೆ ಹೇಳದೆ ದೊಡ್ಡ ಕೆಲಸ ಶುರುವಾಗುವುದಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವ ನಮಗೆ ಇದೇನು ಹೊಸದಾ?

ಇನ್ನೊಂದು ಹಡಗಿನ ಕಥೆಯೂ ಇದೆ. 1860ರ ನವೆಂಬರ್ 16ರಂದು 'ಟ್ರೂರೋ' ಎಂಬ ಹಡಗು ಮದ್ರಾಸಿನಿಂದ ಡರ್ಬನ್ ಮುಟ್ಟಿತು. ಅದರಲ್ಲಿದ್ದವರು ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ನಮ್ಮ ದೇಶದ ಕೂಲಿಗಳು. ಬನ್ನಿ ಚೌ ಹುಟ್ಟಿದ್ದು ಆ ಸಂತತಿಯ ನಡುವೆ. 1893ರಲ್ಲಿ ಗಾಂಧೀಜಿ ಹೋಗಿ ಇಳಿದದ್ದೂ ಅದೇ ಡರ್ಬನ್‌ನಲ್ಲಿ. ಆ ಜನರಿಗೂ ಅಲ್ಲಿ ಶತಮಾನ ಕಳೆದರೂ 'ನೀವು ಎಲ್ಲಿಯವರು' ಅನ್ನುವ ಪ್ರಶ್ನೆ ತಪ್ಪಲಿಲ್ಲ. ಅದನ್ನು ಓದಿ ನಮಗೆ ಹೊಟ್ಟೆ ಉರಿಯುತ್ತದೆ. ಅದೇ ಪ್ರಶ್ನೆಯನ್ನು ನಾನು ಯಲ್ಲಾಪುರದ ಅಂಗಳದಲ್ಲಿ ನಿಂತು ಕೇಳಿದ್ದೆ.

ಆಫ್ರಿಕಾದಿಂದ ಬಂದವರೆಲ್ಲ ಕಾಡಿನಲ್ಲೇ ಉಳಿದವರಲ್ಲ. ಅಹಮದ್‌ನಗರದ ಆಡಳಿತ ನಡೆಸಿ ಮೊಗಲರ ನಿದ್ದೆಗೆಡಿಸಿದ ಮಲಿಕ್ ಅಂಬರ್ ಇಥಿಯೋಪಿಯಾದಿಂದ ಗುಲಾಮನಾಗಿ ಬಂದವನು. ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಆಫ್ರಿಕಾ ಮೂಲದ ಮಂತ್ರಿಯಿದ್ದ. ಗೋಳಗುಮ್ಮಟದಲ್ಲಿ ಪಿಸುಗುಟ್ಟಿ ಬಂದಿದ್ದ ನಮಗೆ ಇದು ಪಠ್ಯದಲ್ಲಿ ಓದಿದ ನೆನಪೇ ಇರಲಿಲ್ಲ.

ಕೌದಿ

ರಾತ್ರಿ ಚಳಿಗೆ ಹೊದೆಯಲು ಕೊಟ್ಟದ್ದು ಕೌದಿ. ಕೌದಿ ನಮಗೆ ಗೊತ್ತಿಲ್ಲದ್ದಾ? ಅಜ್ಜಿಯ ಹಳೇ ಇಳಕಲ್ ಸೀರೆಯ ಕೌದಿಯಲ್ಲೇ ಬೆಳೆದವರು ನಾವು. ಆದರೆ ಇದರ ಬಣ್ಣಗಳಿಗೆ ಧೈರ್ಯ ಜಾಸ್ತಿ. ಬೆಳಿಗ್ಗೆ ಅಕ್ಕ ಅರ್ಧ ಹೊಲಿದ ಒಂದನ್ನು ತೋರಿಸಿದರು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ 'ಫೂಲ್' ಹೊಲಿಯುತ್ತಾರೆ. ಅದಿಲ್ಲದಿದ್ದರೆ ಕೌದಿ ಬೋಳಾಗಿ ಕಾಣುತ್ತದಂತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ, ಹೊರದೇಶದ ಪ್ರದರ್ಶನಗಳಿಗೆ ಒಯ್ದಿದ್ದಾರೆ. ಹುಬ್ಬಳ್ಳಿಯ ಎಷ್ಟು ಮನೆಗಳಲ್ಲಿ ಸಿದ್ದಿ ಕೌದಿ ಇದೆ?

ಸಂಜೆ ಡಮಾಮಿ ಬಾರಿಸಿದರು. ಚರ್ಮದ ವಾದ್ಯ, ಸದ್ದು ಎದೆಗೆ ನೇರ ಬಡಿಯುತ್ತದೆ. ನಮ್ಮ ಗೆಳೆಯ ಫೋನ್ ಎತ್ತಿ, "ಅಕ್ಕಾ, ಆ ಎಲೆ-ಗಿಲೆ ಕಟ್ಕೊಂಡು ಕುಣೀತಾರಲ್ಲ, ಅದನ್ನ ಮಾಡ್ರಿ, ರೀಲ್ ಮಸ್ತ್ ಬರ್ತದ" ಅಂದ. ಅಕ್ಕ ಸೀರೆ ಸೆರಗು ಸಿಕ್ಕಿಸಿಕೊಂಡು, "ಅದು ಸ್ಟೇಜಿಗೆ ಕರೆದ್ರೆ ಮಾಡೂದು. ಮನೇಲಿ ನಾವು ಹೀಗೇ ಕುಣಿಯೂದು. ಬರ್ತ್ರ ಇಲ್ಲಾ?" ಅಂದರು. ಫೋನ್ ಕೆಳಗಿಟ್ಟು ಕುಣಿದೆವು. ಇಪ್ಪತ್ತೇ ನಿಮಿಷಕ್ಕೆ ನಮಗೆ ಏದುಸಿರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇನ್ನೂ ನಿಂತೇ ಇದ್ದರು.

ಊಟಕ್ಕೆ ಕೂತಾಗ ಮಾತು ಬೆಳೆಯಿತು. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರದವರು ಇಲ್ಲಿಯ ಮಕ್ಕಳನ್ನು ಓಟದ ತರಬೇತಿಗೆ ಆರಿಸಿದ್ದರು, ಪದಕಗಳೂ ಬಂದವು, ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ನಮ್ಮ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಗಳಿಗೆ ಅದು ಸಿಗಲು 2020 ಆಗಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಸಮುದಾಯದ ಮೊದಲ ಶಾಸಕರಾದರು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ನೀನಾಸಂನಲ್ಲಿ ಕಲಿತು ರಂಗಭೂಮಿ, ಸಿನಿಮಾದಲ್ಲಿ ಹೆಸರು ಮಾಡಿದ್ದಾರೆ.

ಸಮುದ್ರದ ತನಕ

ಮರುದಿನ ಮಾಗೋಡು ಜಲಪಾತ ನೋಡಿ ಅರಬೈಲ್ ಘಟ್ಟ ಇಳಿದೆವು. ಮಾಗೋಡಿನಲ್ಲಿ ಎರಡು ಹಂತದಲ್ಲಿ ಧುಮುಕುವುದು ಬೇಡ್ತಿ ಹೊಳೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಕಲಘಟಗಿ ಕಡೆ ಇದನ್ನು ಸೇರುತ್ತಾಳೆ. ಮುಂದೆ ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅಂಕೋಲಾ-ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುವುದೂ ಇದೇ ಹೊಳೆ. ನಮ್ಮ ಊರಿನ ನೀರು ಸಿದ್ದಿಗಳ ಕಾಡು ಹಾದು, ಅವರ ಹಿರಿಯರು ದಾಟಿ ಬಂದ ಸಮುದ್ರಕ್ಕೆ ಹೋಗುತ್ತದೆ. ದಂಡೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ನಾವು ಹೆಚ್ಚು ಮಾತಾಡಲಿಲ್ಲ.

ನೀವೂ ಹೋಗುವುದಾದರೆ ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಜಲಪಾತ ಚಂದ, ದಾರಿ ಕಷ್ಟ. ಮೊದಲೇ ಫೋನ್ ಮಾಡಿ ಹೋಗಿ, ಅದು ಹೋಟೆಲ್ ಅಲ್ಲ, ಮನೆ. ಫೋಟೋಕ್ಕೆ ಮುಂಚೆ ಕೇಳಿ, ಮಕ್ಕಳ ಕೂದಲು ಮುಟ್ಟಬೇಡಿ. ಕೌದಿ ಕೊಂಡರೆ ಚೌಕಾಸಿ ಮಾಡಬೇಡಿ, ಒಂದೊಂದಕ್ಕೂ ವಾರಗಟ್ಟಲೆ ಕೂತಿರುತ್ತಾರೆ.

ಮಾಡಿಯ ಮೇಲಿನ ರೂಮು

ಈಗ ಹೇಳಲೇಬೇಕಾದ ಮಾತು. ಹೊರಡುವಾಗ ಅಕ್ಕ ಮಗಳ ಬಗ್ಗೆ ಹೇಳಿದ್ದರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹಾಸ್ಟೆಲ್ ಸೀಟು ಸಿಕ್ಕಿಲ್ಲ, ಸಂಬಂಧಿಕರ ಮನೆಯಲ್ಲಿದ್ದಾಳೆ. ರೂಮು ಕೇಳಲು ಹೋದರೆ ಬಾಗಿಲು ತೆಗೆದವರು ಇಂಗ್ಲಿಷಿನಲ್ಲಿ 'ಯಾವ ದೇಶ' ಅಂತಾರಂತೆ. ಇವಳು ಕನ್ನಡದಲ್ಲಿ ಉತ್ತರಿಸಿದ ಮೇಲೆ ರೂಮು 'ನಿನ್ನೆನೇ ಹೋಯ್ತು' ಅಂತಾರಂತೆ. ಮೂರು ಕಡೆ ಹೀಗಾಗಿದೆ.

"ನಮ್ಮ ಮನಿ ಮ್ಯಾಲಿನ ರೂಮ್ ಖಾಲಿನ ಐತಿ ಅಕ್ಕಾ, ನಾನು ನೋಡ್ತೀನಿ" ಅಂದಿದ್ದೆ. ನಂಬರ್ ತಗೊಂಡಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿ ಖುಷಿಪಟ್ಟಿದ್ದ ಅವ್ವ ರೂಮಿನ ಮಾತು ಬಂದಾಗ ಸುಮ್ಮನಾದಳು. "ಹುಡುಗಿ ಒಳ್ಳೇಕಿನ ಇರಬಹುದು. ಆದ್ರ ಓಣ್ಯಾಗ ಮಂದಿ ಏನಂತಾರೊ. ನೋಡೂಣು ತಡಿ." ನಾನು ಜಗಳ ಮಾಡಲಿಲ್ಲ. ನಾಳೆ ಮಾತಾಡ್ತೀನಿ ಅಂದುಕೊಂಡೆ. ಕ್ಲೈಂಟ್ ಕಾಲ್, ಡೆಡ್‌ಲೈನ್, ದೀಪಾವಳಿ ಬಾಕಿ ಕೆಲಸ. ಅವ್ವನನ್ನು ಒಪ್ಪಿಸಲು ಬೇಕಾದದ್ದು ನಿಜಕ್ಕೂ ಅರ್ಧ ಗಂಟೆ. ಆ ಅರ್ಧ ಗಂಟೆ ಹುಡುಕಲು ನನಗೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಇನ್‌ಸ್ಟಾದಲ್ಲಿ ಕೌದಿಯ ಫೋಟೋ ಹಾಕಿ ಲೈಕು ಮಾತ್ರ ತಗೊಂಡಿದ್ದೆ.

ಕಡೆಗೆ ಅವ್ವನೇ ಒಂದು ದಿನ, "ಆ ಹುಡುಗಿ ಬಂದು ರೂಮ್ ನೋಡಿ ಹೋಗಲಿ, ಮಂದೀದ್ ಆಮ್ಯಾಲೆ ನೋಡೂಣು" ಅಂದಳು. ಫೋನ್ ಮಾಡಿದೆ.

"ಹಾಸ್ಟೆಲ್ ಸಿಕ್ತು ಅಕ್ಕಾ, ಹೋದ ವಾರ. ಪರವಾಗಿಲ್ಲ ಬಿಡಿ, ನೀವು ನೆನಪಿಟ್ಟು ಮಾಡಿದ್ರಲ್ಲ."

ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಬಾಗಿಲು ಮುಚ್ಚಿದ ಆ ಮೂರು ಮನೆಯವರಿಗೂ ನನಗೂ ಏನು ವ್ಯತ್ಯಾಸ? ಅವರು ಒಂದೇ ನಿಮಿಷದಲ್ಲಿ ಇಲ್ಲ ಅಂದರು, ನಾನು ಮೂರು ವಾರ ತಗೊಂಡೆ.

ಗ್ರೂಪಿನಲ್ಲಿ ಆ 'ಪಾಸ್‌ಪೋರ್ಟ್ ಬೇಡದ ಆಫ್ರಿಕಾ' ಮೆಸೇಜು ಇನ್ನೂ ಇದೆ, ಕೆಳಗೆ ನನ್ನ ನಗುವ ಇಮೋಜಿಯೂ. ಅಳಿಸುವ ಅವಧಿ ಮೀರಿದೆ.

ಹೋದ ಭಾನುವಾರ ಆ ಹುಡುಗಿ ಊಟಕ್ಕೆ ಬಂದಿದ್ದಳು. ಅವ್ವ ಜೋಳದ ರೊಟ್ಟಿ, ಎಣಗಾಯಿ ಮಾಡಿದ್ದಳು. ಊಟ ಆದಮೇಲೆ ಇಬ್ಬರೂ ಕೌದಿ ಹರಡಿಕೊಂಡು ಕೂತರು. ನಮ್ಮ ಅಜ್ಜಿಯ ಕೌದಿಗೆ ಮೂಲೆಯಲ್ಲಿ ಫೂಲ್ ಇಲ್ಲ ಅಂತ ಅವಳು ತೋರಿಸಿದಳು. ಅವಳ ಜೂನಿಯರ್ ಒಬ್ಬಳು ಹಳಿಯಾಳದವಳಂತೆ, ಅವಳಿಗೂ ಹಾಸ್ಟೆಲ್ ಸಿಕ್ಕಿಲ್ಲವಂತೆ. ಈ ಸಲ ನಾನು 'ನೋಡ್ತೀನಿ' ಅನ್ನಲಿಲ್ಲ. ಅವ್ವ ಎದ್ದು ಮಾಡಿಯ ರೂಮಿನ ಕೀಲಿ ತರಲು ಒಳಗೆ ಹೋದಳು.