ಬಿಸಿಲೂ ಚರ್ಮದ ಅರ್ಬುದವೂ

ಸೂರ್ಯನಾರಾಯಣನು ಪ್ರತ್ಯಕ್ಷ ದೈವವೆಂಬುದು ನಮ್ಮ ದೇಶದಲ್ಲಿ ಆಬಾಲವೃದ್ಧರಿಗೂ ತಿಳಿದ ಮಾತು. ಬೆಳೆಯನ್ನು ಬೆಳೆಸುವವನು ಅವನು. ಮಳೆಯನ್ನು ತರುವವನು ಅವನು. ಆರೋಗ್ಯವನ್ನು ಬಯಸುವವರು ಅವನನ್ನೇ ಪ್ರಾರ್ಥಿಸತಕ್ಕದ್ದೆಂದು ಹಿರಿಯರು ವಿಧಿಸಿರುವರು. ಶ್ರೀಕೃಷ್ಣನ ಮಗನಾದ ಸಾಂಬನು ಕುಷ್ಠರೋಗದಿಂದ ಪೀಡಿತನಾಗಿ, ಸೂರ್ಯೋಪಾಸನೆಯಿಂದ ಗುಣಹೊಂದಿದನೆಂದು ಪುರಾಣಗಳು ಹೇಳುತ್ತವೆ. ಆದರೆ ಪುರಾಣಗಳಲ್ಲಿಯೇ ಇನ್ನೊಂದು ಕಥೆಯೂ ಉಂಟು. ಸೂರ್ಯನ ಪತ್ನಿಯಾದ ಸಂಜ್ಞಾದೇವಿಯು ಪತಿಯ ತೇಜಸ್ಸನ್ನು ಸಹಿಸಲಾರದೆ, ತನ್ನ ಸ್ಥಾನದಲ್ಲಿ ಛಾಯಾದೇವಿಯನ್ನು ಇರಿಸಿ ತೌರಿಗೆ ಹೊರಟುಹೋದಳು. ಕಡೆಗೆ ಅವಳ ತಂದೆಯಾದ ವಿಶ್ವಕರ್ಮನು ಸೂರ್ಯನನ್ನು ಸಾಣೆಗೆ ಹಿಡಿದು ಆ ತೇಜಸ್ಸನ್ನು ಕುಗ್ಗಿಸಿದ ಮೇಲೆಯೇ ಅವರ ಸಂಸಾರವು ನೆಟ್ಟಗಾಯಿತು. ಪೂಜ್ಯವಾದ ವಸ್ತುವನ್ನಾದರೂ ಮಿತಿಯರಿತು ಸೇವಿಸಬೇಕೆಂಬುದೇ ಈ ಕಥೆಯ ತಾತ್ಪರ್ಯವೆಂದು ನಾನು ತಿಳಿದಿರುವೆನು.

ಇಷ್ಟು ಪೀಠಿಕೆ ಏತಕ್ಕೆಂದರೆ, ಚರ್ಮದ ಅರ್ಬುದವೆಂಬ ರೋಗವನ್ನು ಕುರಿತು ವಾಚಕರಿಗೆ ನಾಲ್ಕು ಮಾತು ಹೇಳಬೇಕಾಗಿದೆ. ಇದನ್ನು ಈಗ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವರು. ಅರ್ಬುದವೆಂಬ ಹೆಸರಾದರೋ ಸುಶ್ರುತಸಂಹಿತೆಯಷ್ಟು ಹಳೆಯದು. ಗ್ರೀಕರು ಈ ರೋಗಕ್ಕೆ ಏಡಿಯ ಹೆಸರನ್ನಿಟ್ಟರು. ಕ್ಯಾನ್ಸರ್ ಎಂಬ ಲ್ಯಾಟಿನ್ ಶಬ್ದಕ್ಕೂ ಏಡಿಯೆಂದೇ ಅರ್ಥ. ನಮ್ಮ ಕರ್ಕಾಟಕ ರಾಶಿಗೆ ಇಂಗ್ಲಿಷಿನಲ್ಲಿರುವ ಹೆಸರೂ ಅದೇ. ಈ ರೋಗವು ಒಳಗಿನ ಅಂಗಗಳಿಗೆ ಬಂದಾಗ ಬಹುಕಾಲ ಕಣ್ಣಿಗೆ ಬೀಳದೆ ಅಡಗಿರುವುದುಂಟು. ಚರ್ಮಕ್ಕೆ ಬಂದದ್ದಾದರೋ ಹಗಲು ಬೆಳಕಿನಲ್ಲಿ ಕಣ್ಣೆದುರಿಗೇ ಇರುವುದು. ಆದಕಾರಣ ಮೊದಲಿನಲ್ಲಿಯೇ ಗುರುತಿಸಿದರೆ ಇದರಲ್ಲಿ ಬಹುಪಾಲು ಗುಣವಾಗತಕ್ಕದ್ದು. ಹೀಗಿದ್ದರೂ ಜನರು ಅಜಾಗರೂಕತೆಯಿಂದ ಪ್ರಾಣ ಕಳೆದುಕೊಳ್ಳುವುದು ಶೋಚನೀಯವಲ್ಲವೇ?

ಬಿಸಿಲಿಗೂ ಈ ರೋಗಕ್ಕೂ ಏನು ಸಂಬಂಧವೆಂಬುದನ್ನು ಮೊದಲು ತಿಳಿಯಬೇಕು. ೧೮೦೧ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬ ವಿದ್ವಾಂಸನು, ಬಿಸಿಲನ್ನು ಗಾಜಿನ ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಬೆಳ್ಳಿಯ ಲವಣವನ್ನು ಅದರಲ್ಲಿ ಇಟ್ಟು ನೋಡಿದನು. ನೇರಿಳೆ ಬಣ್ಣದ ಆಚೆಗೆ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿ, ಆ ಲವಣವು ಎಲ್ಲಕ್ಕಿಂತಲೂ ಬೇಗ ಕಪ್ಪಾಯಿತು. ಅಲ್ಲಿ ಬೀಳುತ್ತಿದ್ದ ಅಗೋಚರ ಕಿರಣಗಳೇ ನೇರಳಾತೀತ ಕಿರಣಗಳು. ಇವುಗಳಲ್ಲಿ ಅತಿ ತೀಕ್ಷ್ಣವಾದವುಗಳನ್ನು ಆಕಾಶದಲ್ಲಿರುವ ಓಜೋನ್ ಪದರವು ತಡೆದು ನಿಲ್ಲಿಸುವುದು. ಉಳಿದವು ನಮ್ಮ ಮೈಮೇಲೆ ಬೀಳುವುವು. ಬಿಸಿಲಿನ ಕಾವನ್ನು ಉಂಟುಮಾಡತಕ್ಕವು ಬೇರೆ ಕಿರಣಗಳು. ಆದುದರಿಂದ ತಂಗಾಳಿ ಬೀಸುತ್ತಿದ್ದರೂ, ತೆಳುವಾದ ಮೋಡ ಕವಿದಿದ್ದರೂ ನೇರಳಾತೀತ ಕಿರಣಗಳು ತಮ್ಮ ಕೆಲಸವನ್ನು ಬಿಡುವುದಿಲ್ಲ. ಬೆಟ್ಟವನ್ನು ಏರಿದಂತೆಲ್ಲ ಹವೆ ತಣ್ಣಗಾಗುವುದು, ಈ ಕಿರಣಗಳು ಮಾತ್ರ ಹೆಚ್ಚುವುವು. ಹಿಮಾಲಯ ಯಾತ್ರೆಗೆ ಹೋದವರು ಚಳಿಯಲ್ಲಿ ನಡುಗುತ್ತಲೇ ಮುಖ ಸುಟ್ಟುಕೊಂಡು ಬರುವುದು ಇದರಿಂದಲೇ. ಹೊಸ ಹಿಮವು ತನ್ನ ಮೇಲೆ ಬಿದ್ದ ಈ ಕಿರಣಗಳಲ್ಲಿ ನೂರಕ್ಕೆ ೮೦ರವರೆಗೂ ಹಿಂದಕ್ಕೆ ಎಸೆಯಬಲ್ಲುದು.

ಚರ್ಮದ ಪ್ರತಿಯೊಂದು ಜೀವಕೋಶದಲ್ಲಿಯೂ ಅದರ ಕುಲಧರ್ಮವನ್ನು ಬರೆದಿಟ್ಟ ಡಿ.ಎನ್.ಎ. ಎಂಬ ಸೂಕ್ಷ್ಮ ತಂತು ಇದೆ. ನೇರಳಾತೀತ ಕಿರಣವು ತಾಗಿದಾಗ ಆ ಬರಹದ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಪಾಠವು ಕೆಡುವುದು. ತಾಳೆಯೋಲೆಯ ಪ್ರತಿಯಲ್ಲಿ ಲಿಪಿಕಾರನ ತಪ್ಪನ್ನು ಪಂಡಿತನು ತಿದ್ದುವಂತೆ, ಈ ದೋಷಗಳನ್ನು ಕತ್ತರಿಸಿ ತಿದ್ದುವ ವ್ಯವಸ್ಥೆಯು ಕೋಶದಲ್ಲಿಯೇ ಉಂಟು. ಇಂಥ ತಿದ್ದುಪಡಿಯ ಕ್ರಮಗಳನ್ನು ಶೋಧಿಸಿದ್ದಕ್ಕಾಗಿ ೨೦೧೫ರಲ್ಲಿ ತೋಮಸ್ ಲಿಂಡಾಲ್, ಪಾಲ್ ಮೋಡ್ರಿಚ್, ಅಜೀಜ್ ಸಂಜಾರ್ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕವು ಬಂದಿತು. ಆದರೆ ವರ್ಷಗಟ್ಟಲೆ ತಪ್ಪಿನ ಮೇಲೆ ತಪ್ಪು ಬೀಳುತ್ತಿದ್ದರೆ ಕೆಲವು ತಿದ್ದದೆ ಉಳಿಯುವುವು. ಆಗ ಯಾವುದೋ ಒಂದು ಕೋಶವು ಕಟ್ಟಳೆಯನ್ನು ಮೀರಿ ಬೆಳೆಯಲು ತೊಡಗುವುದು. ಬಾಲ್ಯದ ಬಿಸಿಲು ಮುಪ್ಪಿನಲ್ಲಿ ರೋಗವಾಗಿ ಕಾಣಿಸಿಕೊಳ್ಳುವುದು ಹೀಗೆ.

ಚರ್ಮದ ಅರ್ಬುದಗಳಲ್ಲಿ ಮುಖ್ಯವಾದವು ಮೂರು ಬಗೆ. ಮೊದಲನೆಯದು ಹೊರಚರ್ಮದ ತಳದ ಕೋಶಗಳಲ್ಲಿ ಹುಟ್ಟುವುದು. ಮುಖದ ಮೇಲೆ ಮುತ್ತಿನಂತೆ ಹೊಳೆಯುವ ಸಣ್ಣ ಗಂಟಾಗಿಯೋ ಮಾಯದ ಹುಣ್ಣಾಗಿಯೋ ಕಾಣಿಸಿಕೊಂಡು ಬಹು ನಿಧಾನವಾಗಿ ಬೆಳೆಯುವುದು. ದೂರಕ್ಕೆ ಹರಡುವುದು ಅಪೂರ್ವ. ಎರಡನೆಯದು ಮೇಲಣ ಪದರದ ಶಲ್ಕಕೋಶಗಳದು. ಇದು ಹುರುಪೆಗಟ್ಟಿದ ಒರಟು ಗಂಟು ಅಥವಾ ಹುಣ್ಣು. ಅಲಕ್ಷ್ಯ ಮಾಡಿದರೆ ಹರಡಬಲ್ಲುದು. ಮೂರನೆಯದಾದ ಮೆಲನೋಮವು ಬಣ್ಣವನ್ನು ತಯಾರಿಸುವ ಕೋಶಗಳಲ್ಲಿ ಹುಟ್ಟತಕ್ಕದ್ದು. ಮೂರರಲ್ಲಿ ಇದು ವಿರಳವಾದರೂ ಅತ್ಯಂತ ಘೋರವಾದದ್ದು.

ಈ ರೋಗದ ಹಾವಳಿಯನ್ನು ನೋಡಬೇಕಾದರೆ ಆಸ್ಟ್ರೇಲಿಯಾ ದೇಶಕ್ಕೆ ಹೋಗಬೇಕು. ೧೭೮೮ರಿಂದ ಮೊದಲ್ಗೊಂಡು ಅಲ್ಲಿ ನೆಲಸಿದವರಲ್ಲಿ ಬಹುಮಂದಿ ಮಂಜಿನ ನಾಡಾದ ಬ್ರಿಟನ್ನಿನಿಂದಲೂ ಐರ್ಲೆಂಡಿನಿಂದಲೂ ಬಂದ ಬಿಳಿಯ ಚರ್ಮದವರು. ಅಲ್ಲಿಯ ಪ್ರಖರವಾದ ಬಿಸಿಲಿಗೆ ಅವರ ಚರ್ಮವು ಹೊಂದುವುದು ಹೇಗೆ? ಆ ದೇಶದಲ್ಲಿ ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ವರ್ಷ ತುಂಬುವುದರೊಳಗೆ ಯಾವುದಾದರೊಂದು ಬಗೆಯ ಚರ್ಮದ ಅರ್ಬುದವು ತಲೆದೋರುವುದೆಂದು ಲೆಕ್ಕಹಾಕಿರುವರು. ಸಹಸ್ರಾರು ವರ್ಷಗಳಿಂದ ಅದೇ ಬಿಸಿಲಿನಲ್ಲಿ ಬಾಳಿದ ಮೂಲನಿವಾಸಿಗಳಲ್ಲಿಯಾದರೋ ಈ ರೋಗವು ಬಹಳ ಕಡಮೆ.

ಆಸ್ಟ್ರೇಲಿಯದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ೧೯೮೧ರಲ್ಲಿ ವಿಕ್ಟೋರಿಯಾ ಪ್ರಾಂತದ ಕ್ಯಾನ್ಸರ್ ನಿವಾರಣ ಸಂಸ್ಥೆಯವರು ಸಿಡ್ ಎಂಬ ಕಡಲಹಕ್ಕಿಯ ಚಿತ್ರವನ್ನು ಮಾಡಿ, ಅಂಗಿ ತೊಡಿರಿ, ಲೇಪ ಬಳಿಯಿರಿ, ಟೊಪ್ಪಿಗೆ ಹಾಕಿರಿ ಎಂಬ ಮೂರು ಮಾತುಗಳನ್ನು ಪ್ರಾಸವಾಗಿ ಹಾಡಿಸಿ ಮನೆಮನೆಗೂ ಮುಟ್ಟಿಸಿದರು. ನೆರಳು ಹುಡುಕಿರಿ, ಕಪ್ಪು ಕನ್ನಡಕ ಧರಿಸಿರಿ ಎಂಬ ಎರಡು ಮಾತುಗಳು ಆಮೇಲೆ ಸೇರಿದವು. ಟೊಪ್ಪಿಗೆಯಿಲ್ಲದ ಮಗುವಿಗೆ ಆಟದ ಬಯಲಿಲ್ಲವೆಂಬ ಕಟ್ಟಳೆಯು ಅಲ್ಲಿನ ಅನೇಕ ಪಾಠಶಾಲೆಗಳಲ್ಲಿ ರೂಢಿಗೆ ಬಂದಿದೆ. ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಎಂಬ ಊರಿನಲ್ಲಿ ೧೯೯೨ರಿಂದ ೧೯೯೬ರವರೆಗೆ ೧,೬೨೧ ಮಂದಿಯ ಮೇಲೆ ಒಂದು ಪರೀಕ್ಷೆ ನಡೆಯಿತು. ಸುಮಾರು ಅರ್ಧ ಜನರು ಪ್ರತಿದಿನವೂ ತಪ್ಪದೆ ಸನ್‌ಸ್ಕ್ರೀನ್ ಲೇಪವನ್ನು ಹಚ್ಚಿಕೊಂಡರು. ಮಿಕ್ಕವರು ತಮಗೆ ತೋರಿದಂತೆ ನಡೆದುಕೊಂಡರು. ನಿತ್ಯವೂ ಹಚ್ಚಿಕೊಂಡವರಲ್ಲಿ ಶಲ್ಕಕೋಶದ ಅರ್ಬುದಗಳು ನೂರಕ್ಕೆ ಸುಮಾರು ೪೦ರಷ್ಟು ಕಡಮೆಯಾದವು. ಪರೀಕ್ಷೆಯು ಮುಗಿದು ಹತ್ತು ವರ್ಷಗಳಾದ ಮೇಲೆ ನೋಡಿದಾಗ ಅವರಲ್ಲಿ ೧೧ ಮಂದಿಗೂ, ಇನ್ನೊಂದು ಪಂಗಡದಲ್ಲಿ ೨೨ ಮಂದಿಗೂ ಮೆಲನೋಮವು ಬಂದಿತ್ತು. ನಿತ್ಯನಿಯಮದ ಮಹಿಮೆಗೆ ಇದಕ್ಕಿಂತ ಸಾಕ್ಷಿ ಬೇಕೇ?

ಇದೆಲ್ಲ ಬಿಳಿಯರ ಮಾತಾಯಿತು, ನಮಗೇನು, ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ನಮ್ಮ ಜನರಲ್ಲಿ ಚರ್ಮದ ಅರ್ಬುದವು ಬಹಳ ವಿರಳ. ಅದಕ್ಕೆ ಕಾರಣವು ನಮ್ಮ ಮೈಬಣ್ಣ. ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ದ್ರವ್ಯವಿದೆ. ಅದು ಕೋಶದ ಗರ್ಭದ ಮೇಲೆ ಕೊಡೆಯಂತೆ ಕವಿದು ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವುದು. ಬಣ್ಣವನ್ನು ತಯಾರಿಸುವ ಕೋಶಗಳ ಸಂಖ್ಯೆಯು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚು ಕಡಮೆ ಒಂದೇ. ತಯಾರಾಗುವ ಬಣ್ಣದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ. ಹೀಗಿರುವಲ್ಲಿ, ಕನ್ಯೆಯು ಕಪ್ಪೆಂದು ವರನ ಕಡೆಯವರು ಮೂಗು ಮುರಿಯುವುದೂ, ತಾಯಂದಿರು ಮಗಳ ಮುಖಕ್ಕೆ ಬೆಳ್ಳಗಾಗುವ ಲೇಪಗಳನ್ನು ತಿಕ್ಕುವುದೂ ಎಂಥ ಅವಿವೇಕ! ಅಂಥ ಲೇಪಗಳಲ್ಲಿ ಕೆಲವಕ್ಕೆ ಪಾದರಸವನ್ನೋ ಸ್ಟೀರಾಯ್ಡ್ ಔಷಧವನ್ನೋ ಬೆರಸಿರುವುದುಂಟು. ದೇವರು ಕೊಟ್ಟ ಕೊಡೆಯನ್ನು ಹಣ ಕೊಟ್ಟು ಹರಿದುಕೊಂಡಂತಾಯಿತು.

ಆದರೆ ಈ ಕೊಡೆಯಿಲ್ಲದೆ ಹುಟ್ಟುವ ಮಕ್ಕಳು ನಮ್ಮಲ್ಲಿಯೂ ಉಂಟು. ಕೂದಲು, ಹುಬ್ಬು, ಮೈ ಎಲ್ಲವೂ ಬೆಳ್ಳಗಿರುವ ಇವರಿಗೆ ಇಂಗ್ಲಿಷ್ ವೈದ್ಯದಲ್ಲಿ ಆಲ್ಬಿನಿಸಂ ಎನ್ನುವರು. ಇದು ತೊನ್ನಲ್ಲ, ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ತಂದೆ ತಾಯಿ ಇಬ್ಬರಲ್ಲಿಯೂ ಅಡಗಿದ್ದ ಒಂದು ನ್ಯೂನತೆಯು ಮಗುವಿನಲ್ಲಿ ಕೂಡಿಕೊಂಡದ್ದರ ಫಲ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೀಗಾಗುವ ಸಂಭವವು ಹೆಚ್ಚು. ಇವರ ದೃಷ್ಟಿಯೂ ಮಂದವಾಗಿರುವುದು. ಬಿಸಿಲಿನ ನಾಡುಗಳಲ್ಲಿ ರಕ್ಷಣೆಯಿಲ್ಲದೆ ಬೆಳೆದ ಇಂಥವರಿಗೆ ಯೌವನದಲ್ಲಿಯೇ ಚರ್ಮದ ಅರ್ಬುದವು ಬರುವುದುಂಟು. ಆಫ್ರಿಕದ ಟಾಂಜಾನಿಯಾ ಮೊದಲಾದ ದೇಶಗಳಲ್ಲಿ ಅನೇಕರು ಇದರಿಂದಲೇ ಅಕಾಲಮರಣಕ್ಕೆ ತುತ್ತಾಗಿರುವರು.

ನಾನು ಉಪಾಧ್ಯಾಯನಾಗಿದ್ದ ಒಂದು ಪಾಠಶಾಲೆಯಲ್ಲಿ ಇಂಥ ಹುಡುಗನೊಬ್ಬನು ಓದುತ್ತಿದ್ದನು. ಜತೆಯ ಹುಡುಗರು ಅವನನ್ನು 'ದೊರೆ' ಎಂದು ಹಾಸ್ಯಮಾಡುವರು. ಮಧ್ಯಾಹ್ನದ ಕವಾಯತಿನಲ್ಲಿ ನಿಂತು ಬಂದ ದಿನ ಅವನ ಕತ್ತೂ ಕಿವಿಯೂ ಕೆಂಪಾಗಿ ಬೊಬ್ಬೆಯೇಳುತ್ತಿದ್ದವು. ಅವನ ತಾಯಿಯು ಕೈಯನ್ನೆಲ್ಲ ಮುಚ್ಚುವ ಅಂಗಿಯನ್ನು ಹೊಲಿಸಿ, ಕೈಗೊಂದು ಕೊಡೆಯನ್ನು ಕೊಟ್ಟು ಕಳುಹಿಸಿದಳು. ಕವಾಯತಿನಲ್ಲಿ ಕೊಡೆ ಹಿಡಿಯುವುದು ಶಿಸ್ತಿಗೆ ವಿರುದ್ಧವೆಂದು ವ್ಯಾಯಾಮದ ಮೇಷ್ಟರು ಅದನ್ನು ಕಿತ್ತಿಟ್ಟರು. ಮರುದಿನ ಆ ತಾಯಿಯೇ ಬಂದು, "ಮೇಷ್ಟ್ರೇ, ಬೇರೆ ಮಕ್ಕಳಿಗೆಲ್ಲ ಚರ್ಮದಲ್ಲೇ ಕೊಡೆ ಇದೆ ಅಂತ ಡಾಕ್ಟರು ಹೇಳಿದಾರೆ. ನನ್ನ ಮಗನಿಗೆ ಅದಿಲ್ಲ. ಕೈಲಿರೋದನ್ನಾದರೂ ಹಿಡಕೊಳ್ಳಲಿ, ಕಿತ್ತುಕೋಬೇಡಿ" ಎಂದಳು. ಮೇಷ್ಟರು ನಿರುತ್ತರರಾದರು. ಅಂದಿನಿಂದ ಕವಾಯತು ಬೆಳಗಿನ ಹೊತ್ತಿಗೆ ಬದಲಾಯಿತು. ಹುಡುಗನಿಗೆ ಹೊಂಗೆಯ ಮರದಡಿಯಲ್ಲಿ ನಿಂತು ಅಂಕ ಎಣಿಸುವ ಕೆಲಸವೂ, ತರಗತಿಯಲ್ಲಿ ಮುಂದಿನ ಬೆಂಚೂ ದೊರೆತವು. ಈಗ ಅವನು ಗೃಹಸ್ಥನಾಗಿ ನೌಕರಿಯಲ್ಲಿರುವನು. ವರ್ಷಕ್ಕೊಮ್ಮೆ ತಪ್ಪದೆ ಚರ್ಮವೈದ್ಯರಿಗೆ ಮೈ ತೋರಿಸುವನು. ಇಂಥ ಮಗುವು ಯಾರ ಮನೆಯಲ್ಲಿದ್ದರೂ ತಂದೆತಾಯಿಗಳು ನಾಚಿಕೆಯಿಂದ ಬಚ್ಚಿಡಬಾರದು. ನೆರಳು ಕೊಟ್ಟು ಓದಿಸಬೇಕು.

ಕಪ್ಪು ಮೈಯವರೂ ಪೂರ್ಣವಾಗಿ ನಿಶ್ಚಿಂತರಲ್ಲ. ನಮ್ಮವರಲ್ಲಿ ಮೆಲನೋಮವು ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಬುಡ ಇವುಗಳಲ್ಲಿ ಕಾಣಿಸಿಕೊಳ್ಳುವುದುಂಟು. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯು ೧೯೮೧ರಲ್ಲಿ, ತನ್ನ ೩೬ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನಲ್ಲಿ ಹುಟ್ಟಿದ ಮೆಲನೋಮದಿಂದ. ಬೆಂಕಿಯಿಂದ ಸುಟ್ಟ ಹಳೆಯ ಗಾಯದ ಕಲೆಯಲ್ಲಿಯೂ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿಯೂ ಅರ್ಬುದವು ಹುಟ್ಟಬಹುದು. ಕಾಶ್ಮೀರದಲ್ಲಿ ಚಳಿಗಾಗಿ ಕಾಂಗ್ರಿ ಎಂಬ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಹಿಡಿದುಕೊಳ್ಳುವವರಿಗೆ ಹೊಟ್ಟೆ ತೊಡೆಗಳ ಚರ್ಮದಲ್ಲಿ ಈ ರೋಗ ಬರುವುದನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಿಂದಲೂ ಕಂಡಿರುವರು. ಸೊಂಟಕ್ಕೆ ಪಂಚೆಯನ್ನೋ ಲಂಗದ ಲಾಡಿಯನ್ನೋ ಬಿಗಿಯಾಗಿ ಕಟ್ಟಿ, ಅಲ್ಲಿ ಸದಾ ಉಜ್ಜಿ ಹುಣ್ಣಾದವರಲ್ಲಿಯೂ ಅಪರೂಪವಾಗಿ ಕಂಡುಬಂದಿದೆ.

ಆದಕಾರಣ ಗೃಹಸ್ಥರು ಗಮನಿಸಬೇಕಾದ ಚಿಹ್ನೆಗಳನ್ನು ಹೇಳುವೆನು. ನಾಲ್ಕು ವಾರಗಳಾದರೂ ಮಾಯದ ಹುಣ್ಣು. ಹಕ್ಕಳೆಗಟ್ಟಿ, ಉದುರಿ, ಮತ್ತೆ ರಕ್ತ ಒಸರುವ ಗಂಟು. ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ. ಇವುಗಳನ್ನು ತೋರಿಸದೆ ಬಿಡಬಾರದು. ಮಚ್ಚೆಯ ವಿಷಯದಲ್ಲಿ ಐದು ಲಕ್ಷಣಗಳನ್ನು ನೋಡಬೇಕು. ಎರಡು ಅರ್ಧಗಳು ಸಮವಾಗಿಲ್ಲದಿರುವುದು, ಅಂಚು ಕೊರಕಲಾಗಿರುವುದು, ಬಣ್ಣವು ಹಲವು ಬಗೆಯಾಗಿರುವುದು, ಅಗಲವು ೬ ಮಿಲಿಮೀಟರನ್ನು ಮೀರಿರುವುದು, ಎಲ್ಲಕ್ಕೂ ಮುಖ್ಯವಾಗಿ ದಿನೇದಿನೇ ಬದಲಾಗುತ್ತಿರುವುದು. ಹುಟ್ಟಿನಿಂದ ಇದ್ದಂತೆಯೇ ಇರುವ ಮಚ್ಚೆಗೆ ಹೆದರಬೇಕಾಗಿಲ್ಲ. ಸಂಶಯದ ಗಂಟಿಗೆ ಸುಣ್ಣ ಹಚ್ಚುವುದು, ಕೂದಲು ಕಟ್ಟಿ ಕೀಳುವುದು, ಆಸಿಡ್ ಇಡುವುದು ಇವು ಸರ್ವಥಾ ಕೂಡದು. ಚರ್ಮವೈದ್ಯರು ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನಿಶ್ಚಯಿಸುವರು. ಮೊದಲಿನಲ್ಲಿಯೇ ಹೋದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದಲೇ ಬಹುಮಟ್ಟಿಗೆ ಕಾರ್ಯ ಮುಗಿಯುವುದು.

ಇನ್ನು ಬಿಸಿಲಿನಿಂದ ರಕ್ಷಣೆಯ ಮಾತು. ಇದರಲ್ಲಿ ನಮ್ಮ ಪೂರ್ವಿಕರು ಹಿಂದೆ ಬಿದ್ದವರಲ್ಲ. ಚರಕಸಂಹಿತೆ ಸುಶ್ರುತಸಂಹಿತೆಗಳಲ್ಲಿ ಛತ್ರಧಾರಣವನ್ನು ದಿನಚರ್ಯೆಯ ಭಾಗವಾಗಿಯೇ ಹೇಳಿದೆ. ಕೊಡೆಗೆ 'ಆತಪತ್ರ'ವೆಂದರೆ ಬಿಸಿಲಿನಿಂದ ಕಾಯುವುದೆಂದು ಅರ್ಥ. ದಕ್ಷಿಣ ಕನ್ನಡದ ರೈತನ ಮುಟ್ಟಾಳೆ, ಬಯಲುಸೀಮೆಯವನ ರುಮಾಲು, ಹೆಂಗಸರು ತಲೆಯ ಮೇಲೆ ಹೊದೆಯುವ ಸೆರಗು, ಇವೆಲ್ಲ ಆ ಜಾತಿಯ ವಿವೇಕಗಳೇ. ಇವುಗಳೊಂದಿಗೆ ಈಗಿನ ಜ್ಞಾನವನ್ನು ಕೂಡಿಸಿಕೊಂಡರೆ ಸಾಕು.

ಗಡಿಯಾರವಿಲ್ಲದವರಿಗೂ ಸುಲಭವಾದ ಒಂದು ಪರೀಕ್ಷೆಯುಂಟು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆಯೆಂದು ತಿಳಿಯಿರಿ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಹೊರಗಿನ ಕೆಲಸವನ್ನು ಆದಷ್ಟು ತಪ್ಪಿಸಬೇಕು. ಒತ್ತಾಗಿ ನೆಯ್ದ ಬಟ್ಟೆಯ ಉದ್ದ ತೋಳಿನ ಅಂಗಿಯೂ, ಕಿವಿ ಕತ್ತುಗಳಿಗೆ ನೆರಳು ಬೀಳುವಷ್ಟು ಅಗಲವಾದ ಟೊಪ್ಪಿಗೆಯೂ ಇರಬೇಕು. ತೊನ್ನು ಇರುವವರ ಬಿಳಿಯ ಭಾಗಗಳು ಬೇಗ ಸುಡುವುದರಿಂದ ಅವರಿಗೂ ಈ ಎಚ್ಚರಿಕೆ ಸಲ್ಲತಕ್ಕದ್ದು. ಬಿಳುಪು ಮೈಯವರು, ಆಲ್ಬಿನಿಸಂ ಉಳ್ಳವರು ಮುಚ್ಚಲಾಗದ ಭಾಗಗಳಿಗೆ ಎಸ್.ಪಿ.ಎಫ್. ೩೦ಕ್ಕೆ ಕಡಮೆಯಿಲ್ಲದ ಸನ್‌ಸ್ಕ್ರೀನನ್ನು ಹೊರಡುವುದಕ್ಕೆ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು. ಆರು ತಿಂಗಳೊಳಗಿನ ಶಿಶುವಿಗೆ ಲೇಪಕ್ಕಿಂತ ನೆರಳೇ ಮೇಲು.

ಇದನ್ನು ಓದಿ ಬಿಸಿಲನ್ನೇ ಬಿಟ್ಟು ಕತ್ತಲೆಯ ಕೋಣೆಯಲ್ಲಿ ಕುಳಿತುಕೊಳ್ಳುವುದೂ ಸರಿಯಲ್ಲ. ಮೂಳೆಗಳಿಗೆ ಬೇಕಾದ ವಿಟಮಿನ್ ಡಿ ನಮ್ಮ ಚರ್ಮದಲ್ಲಿ ತಯಾರಾಗುವುದು ಬಿಸಿಲಿನಿಂದಲೇ. ಕಪ್ಪು ಮೈಯವರಿಗೆ ಅದಕ್ಕಾಗಿ ಸ್ವಲ್ಪ ಹೆಚ್ಚು ಹೊತ್ತೇ ಬೇಕು. ಮಿತವಾದ ಬಿಸಿಲು ಆರೋಗ್ಯ, ಅತಿಯಾದದ್ದು ಅಪಾಯ. ಈ ತಿಂಗಳು ಯಾವುದಾದರೂ ಒಂದು ಭಾನುವಾರ ಅಭ್ಯಂಗಸ್ನಾನದ ವೇಳೆಯಲ್ಲಿ, ಮನೆಯ ಹಿರಿಯರ ಬೆನ್ನು, ಅಂಗಾಲು, ಉಗುರುಗಳನ್ನೊಮ್ಮೆ ನೋಡಿರಿ. ಎಣ್ಣೆ ಹಚ್ಚುವ ಕೈಗೆ ಒಂದು ಹೊಸ ಗಂಟು ಸಿಕ್ಕಿದರೆ, ನಾಳೆ ನೋಡೋಣವೆನ್ನದೆ ಮರುದಿನವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕದ್ದು.